ಬಳ್ಳಾರಿಯಿಂದ ನೇತ್ರಾಣಿಗೆ: ಸ್ಕೂಬಾ ಸರ್ಟಿಫಿಕೇಟ್‌ಗೆ ಎಷ್ಟು ಖರ್ಚು? ಕಿಟ್‌ನಲ್ಲಿ ಏನು ಕೊಳ್ಳಬೇಕು, ಏನು ಬೇಡ?

ಬ್ರೂಸ್‌ಪೇಟೆಯಿಂದ ಮಾತಾಡ್ತಾ ಇದ್ದೀನಿ. ಹಿಂದೆ ಆಟೋ ಹಾರ್ನ್ ಕೇಳಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ, ಕಿಟಕಿ ಮುಚ್ಚಿದ್ರೆ ಸೆಕೆಗೆ ನಾನೇ ಇರಲ್ಲ.

ಸಿರುಗುಪ್ಪದ ಕೇಳುಗರೊಬ್ಬರು ಒಂದು ವಾಯ್ಸ್ ನೋಟ್ ಕಳಿಸಿದ್ರು. "ಅಣ್ಣಾ, 40 ಸಾವಿರ ಉಳಿಸಿದೀನಿ. ಸ್ಕೂಬಾ ಕಲೀಬೇಕು. ಮೊದ್ಲು ಕಿಟ್ ತಗೊಳ್ಳಾ, ಕೋರ್ಸ್ ಮಾಡ್ಲಾ?" ಇವತ್ತಿನ ಎಪಿಸೋಡ್ ಪೂರ್ತಿ ಈ ಪ್ರಶ್ನೆಗೆ ಉತ್ತರ. ನಾನು ಬಿ.ಕಾಂ. ಓದಿದವನು, ಆದ್ದರಿಂದ ಉತ್ತರದಲ್ಲಿ ಲೆಕ್ಕ ಬರುತ್ತೆ. ಆದರೆ ಲೆಕ್ಕಕ್ಕಿಂತ ಮೊದಲು ಬರಬೇಕಾದ ಒಂದು ಫಾರ್ಮ್ ಇದೆ, ಅದನ್ನೂ ಹೇಳ್ತೀನಿ.

ಫೋಟೋ ಬೇರೆ, ಸರ್ಟಿಫಿಕೇಟ್ ಬೇರೆ

2022ರ ಅಕ್ಟೋಬರ್‌ನಲ್ಲಿ ಬಂದ 'ಗಂಧದ ಗುಡಿ'ಯಲ್ಲಿ ಅಪ್ಪು ನೇತ್ರಾಣಿಯ ನೀರಿಗೆ ಇಳಿದದ್ದನ್ನು ನೋಡಿ ನಮ್ಮಲ್ಲಿ ಎಷ್ಟೋ ಜನಕ್ಕೆ ಆಸೆ ಹುಟ್ಟಿತು. ನೇತ್ರಾಣಿ ಅಂದ್ರೆ ಉತ್ತರ ಕನ್ನಡದ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿರೋ ಸಣ್ಣ ದ್ವೀಪ. ಮಳೆಗಾಲದಲ್ಲಿ ಅಲ್ಲಿ ಡೈವಿಂಗ್ ಇರಲ್ಲ. ಸೀಸನ್ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಮೇ ತನಕ.

ಅಲ್ಲಿಗೆ ಹೋಗೋ ಹೆಚ್ಚಿನವರು ಮಾಡೋದು 'ಟ್ರಯಲ್ ಡೈವ್'. ಇನ್‌ಸ್ಟ್ರಕ್ಟರ್ ನಿಮ್ಮನ್ನು ಹಿಡ್ಕೊಂಡೇ ಇರ್ತಾರೆ, ಗರಿಷ್ಠ ಆಳ 12 ಮೀಟರ್. ಮೀನು ನೋಡಿ, ಫೋಟೋ ತೆಗೆಸ್ಕೊಂಡು ಬರ್ತೀರ. ಅದು ಚೆನ್ನಾಗೇ ಇರುತ್ತೆ, ಆದರೆ ಅದು ಸರ್ಟಿಫಿಕೇಟ್ ಅಲ್ಲ.

ಸರ್ಟಿಫಿಕೇಟ್ ಅಂದ್ರೆ 'ಓಪನ್ ವಾಟರ್' ಕೋರ್ಸ್. ಪ್ಯಾಡಿ, ಎಸ್‌ಎಸ್‌ಐ ಇವು ಈ ಕೋರ್ಸ್ ನಡೆಸೋ ದೊಡ್ಡ ಸಂಸ್ಥೆಗಳು. ಪ್ಯಾಡಿ 1966ರಲ್ಲಿ ಅಮೆರಿಕದಲ್ಲಿ ಶುರುವಾದದ್ದು. ಯಾವ ಸಂಸ್ಥೆ ಅನ್ನೋದಕ್ಕಿಂತ ಯಾವ ಇನ್‌ಸ್ಟ್ರಕ್ಟರ್ ಅನ್ನೋದು ಮುಖ್ಯ. ಪ್ಯಾಡಿ ಆದ್ರೆ ಅವರ ವೆಬ್‌ಸೈಟಿನಲ್ಲಿ ಇನ್‌ಸ್ಟ್ರಕ್ಟರ್ ನಂಬರ್ ಹಾಕಿ ಅಸಲಿಯೋ ನಕಲಿಯೋ ನೋಡ್ಬಹುದು. ದುಡ್ಡು ಕಳಿಸೋಕೆ ಮೊದಲು ಆ ನಂಬರ್ ಕೇಳಿ. ಕೊಡೋಕೆ ಹಿಂದೆ ಮುಂದೆ ನೋಡಿದ್ರೆ ಬೇರೆ ಕಡೆ ನೋಡಿ.

ಕೋರ್ಸ್‌ನಲ್ಲಿ ಮೂರು ಭಾಗ. ಒಂದು, ಥಿಯರಿ. ಇದನ್ನ ಮನೆಯಲ್ಲೇ ಮೊಬೈಲ್‌ನಲ್ಲಿ ಓದಬಹುದು, ಕೊನೆಗೆ ಪರೀಕ್ಷೆ. ಎರಡು, ಈಜುಕೊಳದಲ್ಲಿ ಅಥವಾ ಕೊಳದಂತಹ ಶಾಂತ ನೀರಿನಲ್ಲಿ ಅಭ್ಯಾಸ: ಮಾಸ್ಕ್ ಒಳಗೆ ನೀರು ಬಂದ್ರೆ ತೆಗೆಯೋದು, ಬಾಯಿಂದ ರೆಗ್ಯುಲೇಟರ್ ಜಾರಿದ್ರೆ ಮತ್ತೆ ಹುಡುಕಿ ಹಾಕ್ಕೊಳ್ಳೋದು, ಜೊತೆಗಾರನ ಟ್ಯಾಂಕ್‌ನಿಂದ ಉಸಿರಾಡೋದು. ಮೂರು, ಸಮುದ್ರದಲ್ಲಿ 4 ಡೈವ್. ಎಲ್ಲ ಸೇರಿ 3–4 ದಿನ. ಪಾಸಾದ್ರೆ 18 ಮೀಟರ್ ಆಳದವರೆಗೆ ಜೊತೆಗಾರನೊಂದಿಗೆ ಇಳಿಯಬಹುದು. ಈ ಕಾರ್ಡ್‌ಗೆ ಅವಧಿ ಮುಗಿಯೋದಿಲ್ಲ. 10 ವರ್ಷ ತುಂಬಿದವರು ಜೂನಿಯರ್ ಕಾರ್ಡ್ ಪಡೀಬಹುದು, 15 ತುಂಬಿದ್ರೆ ಪೂರ್ಣ ಕಾರ್ಡ್.

ಈಜು ಬರಬೇಕಾ?

ಬರಬೇಕು, ಆದರೆ ಚಾಂಪಿಯನ್ ಆಗಬೇಕಿಲ್ಲ. ಪ್ಯಾಡಿ ಕೋರ್ಸ್‌ನಲ್ಲಿ ನಿಲ್ಲದೆ 200 ಮೀಟರ್ ಈಜಬೇಕು, ಟೈಮ್ ಲಿಮಿಟ್ ಇಲ್ಲ. ಆಮೇಲೆ 10 ನಿಮಿಷ ತೇಲಬೇಕು.

ಇಲ್ಲಿ ಒಂದು ಮಾತು. ನಮ್ಮ ಕಡೆ ಈಜು ಅಂದ್ರೆ ಕಾಲುವೆ. ಸಿರುಗುಪ್ಪ, ಕುರುಗೋಡು ಕಡೆ ಹುಡುಗ್ರು ತುಂಗಭದ್ರಾ ಕಾಲುವೆಯಲ್ಲೇ ಕಲಿಯೋದು. ದಯವಿಟ್ಟು ಸ್ಕೂಬಾಗೆ ಅಂತ ಅಲ್ಲಿ ಪ್ರಾಕ್ಟೀಸ್ ಮಾಡಬೇಡಿ. ಕಾಲುವೆಗೆ ಸಿಮೆಂಟಿನ ಇಳಿಜಾರು ಗೋಡೆ, ಪಾಚಿ ಕಟ್ಟಿರುತ್ತೆ, ಒಳಗೆ ಸೆಳೆತ. ಹತ್ತೋಕೆ ಹಿಡಿತ ಸಿಗಲ್ಲ. "ಕಾಲುವಿ ನೀರಂದ್ರನ ಜೀವ ಹೋಗ್ತೈತಿ, ನೀ ಸಮುದ್ರದಾಗ ಮುಳುಗ್ತೀನಿ ಅಂತೀಯಲ್ಲೋ" ಅಂತ ನಮ್ಮಮ್ಮ ಅಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ಲೈಫ್‌ಗಾರ್ಡ್ ಇರೋ ಕೊಳದಲ್ಲಿ ಒಂದು ತಿಂಗಳು ಕಲಿತ ಮೇಲೆ ಅವರಿಗೂ ಸ್ವಲ್ಪ ಧೈರ್ಯ ಬಂತು.

ಅಡ್ವಾನ್ಸ್‌ಗಿಂತ ಮೊದಲು ಈ ಫಾರ್ಮ್

ನಾನು ಮಾಡಿದ ತಪ್ಪು ಇದೇ. ಮೊದಲು ಅಡ್ವಾನ್ಸ್ ಕಟ್ಟಿದೆ, ವಾಪಸ್ ಕೊಡಲ್ಲ ಅಂತ ಬರೆದಿದ್ರೂ. ಆಮೇಲೆ ಮೆಡಿಕಲ್ ಫಾರ್ಮ್ ಬಂತು. ಹೃದಯ, ಶ್ವಾಸಕೋಶ, ಕಿವಿ, ಫಿಟ್ಸ್, ಸಕ್ಕರೆ ಕಾಯಿಲೆ, ಆಪರೇಷನ್, ಮಾತ್ರೆ ಹೀಗೆ ಪ್ರಶ್ನೆಗಳು. ಕೆಲವು ಪ್ರಶ್ನೆಗೆ 'ಹೌದು' ಅಂದ್ರೆ ಡಾಕ್ಟರ್ ಸಹಿ ಇಲ್ಲದೆ ನೀರಿಗೆ ಬಿಡಲ್ಲ.

ನನಗೆ ಚಿಕ್ಕವನಿದ್ದಾಗ ಧೂಳಿಗೆ ವೀಸಿಂಗ್ ಬರ್ತಿತ್ತು. ನಮ್ಮೂರಿನ ಧೂಳು ನಿಮಗೆ ಗೊತ್ತೇ ಇದೆ. ಬಂದು ಎಷ್ಟೋ ವರ್ಷ ಆಗಿತ್ತು. 'ಇಲ್ಲ' ಅಂತ ಟಿಕ್ ಮಾಡಿದ್ರೆ ಯಾರಿಗೂ ಗೊತ್ತಾಗಲ್ಲ. 'ಹೌದು' ಅಂದ್ರೆ ಡಾಕ್ಟರ್ ಫೀಸು, ಟೆಸ್ಟು, ಅವರು ಬೇಡ ಅಂದ್ರೆ ಅಡ್ವಾನ್ಸೂ ಹೋಯ್ತು. ಸುಳ್ಳು ಹೇಳೋಕೆ ರೆಡಿ ಆಗಿದ್ದೆ.

ಆಮೇಲೆ ಥಿಯರಿಯಲ್ಲಿ ಒಂದು ಪಾಠ ಓದಿದೆ. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಒತ್ತಡ ಒಂದು ವಾತಾವರಣದಷ್ಟು ಹೆಚ್ಚುತ್ತೆ. 10 ಮೀಟರ್ ಆಳದಲ್ಲಿ ಮೇಲಿನ ಎರಡರಷ್ಟು. ಅಲ್ಲಿ ತುಂಬಿಸಿ ಗಂಟು ಹಾಕಿದ ಬಲೂನ್ ಮೇಲೆ ಬರೋಷ್ಟರಲ್ಲಿ ಎರಡು ಪಟ್ಟು ಆಗುತ್ತೆ, ಅಥವಾ ಒಡೆಯುತ್ತೆ. ನಮ್ಮ ಶ್ವಾಸಕೋಶವೂ ಹಾಗೇ. ಅದಕ್ಕೇ ಸ್ಕೂಬಾದ ಮೊದಲ ನಿಯಮ: ಉಸಿರು ಹಿಡಿಯಬೇಡಿ, ಆಡ್ತಾನೇ ಇರಿ. ಆಸ್ತಮಾದಲ್ಲಿ ಏನಾಗುತ್ತೆ? ಉಸಿರುನಾಳ ಬಿಗಿಯಾಗಿ ಗಾಳಿ ಒಳಗೇ ಸಿಕ್ಕಿಹಾಕ್ಕೊಳ್ಳುತ್ತೆ. ಅಂದ್ರೆ ನಾವು ಉಸಿರು ಹಿಡಿಯದೇ ಇದ್ರೂ ಬಲೂನಿಗೆ ಗಂಟು ಬಿದ್ದ ಹಾಗೆ.

'ಹೌದು' ಅಂತ ಟಿಕ್ ಮಾಡಿದೆ. ಡಾಕ್ಟರ್ ಊದಿಸೋ ಟೆಸ್ಟ್ ಮಾಡಿಸಿದ್ರು, ಅದಕ್ಕೆ ಸ್ಪೈರೋಮೆಟ್ರಿ ಅಂತಾರೆ. ಎಲ್ಲ ಸರಿ ಇತ್ತು, ಸಹಿ ಸಿಕ್ತು. ಸಿಗದೇ ಇದ್ದಿದ್ರೆ ದುಡ್ಡು ಹೋಗ್ತಿತ್ತು, ಅಷ್ಟೇ. ಈ ಫಾರ್ಮ್ ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುತ್ತೆ. ಇವತ್ತೇ ಡೌನ್‌ಲೋಡ್ ಮಾಡಿ, ಒಂದು ರೂಪಾಯಿ ಕಟ್ಟೋಕೆ ಮೊದಲು ತುಂಬಿ. ಆಗ ನಿಜ ಹೇಳೋಕೆ ಯಾವ ನಷ್ಟವೂ ಇರಲ್ಲ. ನಾನು ಉಲ್ಟಾ ಮಾಡಿದ್ದಕ್ಕೇ ಸುಳ್ಳಿನ ಹತ್ತಿರ ಹೋಗಿದ್ದು.

ಈಗ ಲೆಕ್ಕ

ಇವು ನಾನು ಬಜೆಟ್‌ಗೆ ಹಿಡಿಯೋ ಅಂದಾಜು. ಊರು, ಸೀಸನ್ ನೋಡಿ ಬದಲಾಗುತ್ತೆ, ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ.

ಕೋರ್ಸ್ ಫೀಸು: 30,000 ರೂ.
ಡಾಕ್ಟರ್, ಟೆಸ್ಟ್: 1,500
ಒಂದು ತಿಂಗಳ ಈಜು: 2,000
ಹೋಗಿ ಬರೋ ಖರ್ಚು: 2,500
4 ರಾತ್ರಿ ರೂಮ್: 4,800
ಊಟ: 2,000
ಒಟ್ಟು: 42,800 ರೂ.

ಕೋರ್ಸ್ ಫೀಸಿನಲ್ಲಿ ಸಲಕರಣೆ ಬಾಡಿಗೆ, ಬೋಟ್, ಥಿಯರಿ ಮೆಟೀರಿಯಲ್, ಕಾರ್ಡ್ ಶುಲ್ಕ ಎಲ್ಲ ಸೇರಿದೆಯಾ ಅಂತ ಬರವಣಿಗೆಯಲ್ಲಿ ಕೇಳಿ. ಕಡಿಮೆ ಫೀಸು ತೋರಿಸಿ ಆಮೇಲೆ ಒಂದೊಂದೇ ಸೇರಿಸೋದು ಹಳೇ ಆಟ. ನಿಮ್ಮ ಹೆಲ್ತ್ ಇನ್ಶೂರೆನ್ಸ್‌ನಲ್ಲಿ ಸಾಹಸ ಕ್ರೀಡೆ ಬಗ್ಗೆ ಏನಿದೆ ಅಂತಾನೂ ಓದಿ.

ಕಿಟ್: ಮುಖಕ್ಕೆ ಕೂರೋದು ಮೊದಲು

ಕೊಳ್ಳಬೇಕಾದ ಮೊದಲ ವಸ್ತು ಮಾಸ್ಕ್. ಸುಮಾರು 2,500 ರೂ.ಗೆ ಒಳ್ಳೇದೇ ಸಿಗುತ್ತೆ. ಪಟ್ಟಿ ಹಾಕದೆ ಮುಖಕ್ಕೆ ಒತ್ತಿ, ಮೂಗಿನಿಂದ ಮೆಲ್ಲಗೆ ಉಸಿರು ಎಳೀರಿ, ಕೈ ಬಿಡಿ. ಬೀಳದೆ ನಿಂತ್ರೆ ಅದು ನಿಮ್ಮ ಮಾಸ್ಕ್. ಚಷ್ಮಾ ಇರೋರಿಗೆ ಪವರ್ ಗ್ಲಾಸ್ ಮಾಸ್ಕ್ ಸಿಗುತ್ತೆ.

ಈಜೋ ಗಾಗಲ್ಸ್ ನಡೆಯಲ್ಲ. ಅದರಲ್ಲಿ ಮೂಗು ಹೊರಗೆ ಇರುತ್ತೆ, ಆಳದಲ್ಲಿ ಒತ್ತಡ ಸರಿ ಮಾಡೋಕೆ ಮೂಗಿನಿಂದ ಮಾಸ್ಕ್ ಒಳಗೆ ಗಾಳಿ ಬಿಡೋಕಾಗಲ್ಲ. ಇಡೀ ಮುಖ ಮುಚ್ಚೋ ಸ್ನಾರ್ಕೆಲ್ ಮಾಸ್ಕ್ ರೀಲ್ಸ್‌ನಲ್ಲಿ ಚೆನ್ನಾಗಿ ಕಾಣುತ್ತೆ, ನಾನೂ ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೆ. ಅದು ನೀರಿನ ಮೇಲೆ ತೇಲೋಕೆ ಮಾತ್ರ, ಸ್ಕೂಬಾಗೆ ಅಲ್ಲ. ಈಗ ನಮ್ಮನೆ ಅಟ್ಟದ ಮೇಲಿದೆ.

ಉಳಿದದ್ದನ್ನ ಯಾಕೆ ಬಾಡಿಗೆಗೆ ತಗೋಬೇಕು? ರೆಗ್ಯುಲೇಟರ್ 35,000, ತೇಲೋ ಜಾಕೆಟ್ ಅಂದ್ರೆ ಬಿಸಿಡಿ 30,000, ಡೈವ್ ಕಂಪ್ಯೂಟರ್ 20,000, ವೆಟ್‌ಸೂಟ್ 6,000 ಅಂತ ಹಿಡೀರಿ. 91,000 ರೂ. ಬಾಡಿಗೆ ದಿನಕ್ಕೆ 1,500 ಅಂದ್ಕೊಳ್ಳಿ. ಬಳ್ಳಾರಿಯವರು ವರ್ಷಕ್ಕೆ 4 ದಿನ ಡೈವ್ ಮಾಡಿದ್ರೆ ಹೆಚ್ಚು, ಅಂದ್ರೆ ಬಾಡಿಗೆ 6,000. ಕೊಂಡ ದುಡ್ಡು ಹುಟ್ಟೋಕೆ 15 ವರ್ಷ ಬೇಕು! ಅಷ್ಟರಲ್ಲಿ ರೆಗ್ಯುಲೇಟರ್‌ಗೆ ಆಗಾಗ ಸರ್ವಿಸ್ ಮಾಡಿಸಬೇಕು, ಅದರ ಖರ್ಚು ಬೇರೆ. ಟ್ಯಾಂಕ್ ಅಂತೂ ಯಾರೂ ಊರಿಂದ ಹೊತ್ಕೊಂಡು ಹೋಗಲ್ಲ.

ಡೈವಿಂಗ್ ಮುಂದುವರಿಸ್ತೀನಿ ಅಂತ ಖಾತ್ರಿ ಆದ್ರೆ ಮಾಸ್ಕ್ ನಂತರ ಕಂಪ್ಯೂಟರ್ ತಗೊಳ್ಳಿ. ಎಷ್ಟು ಆಳ, ಎಷ್ಟು ಹೊತ್ತು ಅಂತ ನೋಡಿ ನಿಮ್ಮ ದೇಹದಲ್ಲಿ ಎಷ್ಟು ನೈಟ್ರೋಜನ್ ಕೂತಿರಬಹುದು ಅಂತ ಅದು ಲೆಕ್ಕ ಹಾಕುತ್ತೆ. ಆ ಲೆಕ್ಕ ನಿಮ್ಮದೇ ಆಗಿರಬೇಕು.

ವಾಪಸ್ ಬರುವಾಗ ಅವಸರ ಬೇಡ

ಇದು ನಮ್ಮ ಕಡೆಯವರಿಗೇ ಬೇಕಾದ ಮಾತು. ಡೈವ್ ಆದ ಮೇಲೆ ಆ ನೈಟ್ರೋಜನ್ ನಿಧಾನವಾಗಿ ಹೊರಗೆ ಹೋಗಬೇಕು. ಬೇಗ ಎತ್ತರಕ್ಕೆ ಹೋದ್ರೆ ಹೊರಗಿನ ಒತ್ತಡ ಕಡಿಮೆ ಆಗಿ ಗುಳ್ಳೆ ಏಳುತ್ತೆ, ಕೀಲು ನೋವಿನಿಂದ ಹಿಡಿದು ಲಕ್ವದ ತನಕ ಆಗಬಹುದು. ಆದ್ದರಿಂದಲೇ ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದ್ರೆ 18 ಗಂಟೆ ವಿಮಾನ ಹತ್ತಬೇಡಿ ಅಂತಾರೆ.

ನಾವು ವಿಮಾನದಲ್ಲಿ ಹೋಗಲ್ಲ, ಬಸ್ಸಲ್ಲಿ ಹೋಗ್ತೀವಿ ಅಂತೀರಾ? ಆ ಸಲಹೆ ಸುಮಾರು 600 ಮೀಟರ್‌ಗಿಂತ ಮೇಲಿನ ಎತ್ತರಕ್ಕೆ ಅನ್ವಯಿಸುತ್ತೆ. ಮುರುಡೇಶ್ವರದಿಂದ ಅಂಕೋಲಾ, ಯಲ್ಲಾಪುರ ಘಟ್ಟ ಹತ್ತಿ ಬಂದ್ರೆ ಸಿಗೋ ಹುಬ್ಬಳ್ಳಿಯೇ 600 ಮೀಟರ್‌ಗಿಂತ ಎತ್ತರದಲ್ಲಿದೆ. ಬೆಂಗಳೂರು 900ರ ಹತ್ತಿರ. ಹಾಗಾಗಿ ಕೊನೇ ಡೈವ್ ಮುಗಿಸಿ ಅದೇ ಸಂಜೆ ಬಸ್ ಹತ್ತಬೇಡಿ. ಮೇಲಿನ ಲೆಕ್ಕದಲ್ಲಿ 4ನೇ ರಾತ್ರಿಯ ರೂಮ್ ಇರೋದು ಇದಕ್ಕೇ. ಮರುದಿನ ಎಷ್ಟು ಗಂಟೆಗೆ ಹೊರಡಬಹುದು ಅಂತ ಇನ್‌ಸ್ಟ್ರಕ್ಟರ್‌ನ ಕೇಳಿ.

ಸಿರುಗುಪ್ಪದ ತಮ್ಮನಿಗೆ

ಕಿಟ್ ಬೇಡ, ಕೋರ್ಸ್ ಮಾಡು. 42,800 ಜೊತೆ ಮಾಸ್ಕ್‌ನ 2,500 ಸೇರಿಸಿದ್ರೆ 45,300. ನಿನ್ನ ಹತ್ತಿರ 5,300 ಕಡಿಮೆ ಇದೆ. ಅದನ್ನ ಡಾಕ್ಟರ್ ಫೀಸಿನಲ್ಲಿ ಉಳಿಸಬೇಡ, ಕೊನೇ ರಾತ್ರಿಯ ರೂಮಿನಲ್ಲೂ ಉಳಿಸಬೇಡ. ಎರಡು ತಿಂಗಳು ತಡ ಆದ್ರೆ ಆಗಲಿ, ಅಷ್ಟರಲ್ಲಿ ಈಜು ಕಲಿ. ಮಾಸ್ಕ್ ಬೇಕಾದ್ರೆ ಮುಂದಿನ ಸಲ ತಗೋ. ಮೊದಲು ಆ ಫಾರ್ಮ್ ತುಂಬು, ಅದಕ್ಕೆ ದುಡ್ಡೇ ಬೇಡ. ನಿಜ ಬರಿ.

ಡಾಕ್ಟರ್ ಬೇಡ ಅಂದ್ರೆ ಬೇಸರ ಆಗುತ್ತೆ, ಗೊತ್ತು. ಆದರೆ ಆ 40 ಸಾವಿರ ನಿನ್ನ ಹತ್ತಿರಾನೇ ಇರುತ್ತೆ, ನೀನೂ ಮನೇಲಿರ್ತೀಯ.

ನಿಮ್ಮ ಪ್ರಶ್ನೆಗಳನ್ನ ವಾಯ್ಸ್ ನೋಟ್ ಮಾಡಿ ಕಳಿಸಿ. ಮುಂದಿನ ವಾರ ಸಿಗೋಣ.