ದೂತನ ಕೈಯಲ್ಲಿ ಓಲೆ

ಕೌಟಿಲ್ಯನ ಅರ್ಥಶಾಸ್ತ್ರವು ದೂತರನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಪೂರ್ಣಾಧಿಕಾರ ಹೊತ್ತವನು ನಿಸೃಷ್ಟಾರ್ಥ. ಗೊತ್ತುಪಡಿಸಿದಷ್ಟೇ ಅಧಿಕಾರವುಳ್ಳವನು ಪರಿಮಿತಾರ್ಥ. ಕೊಟ್ಟ ಓಲೆಯನ್ನು ಮುಟ್ಟಿಸುವುದಷ್ಟೇ ಕೆಲಸವಾದವನು ಶಾಸನಹರ. ನಿವೃತ್ತಿಯ ಬಳಿಕ ಕುತೂಹಲದಿಂದ ಕಂಪ್ಯೂಟರ್ ಪ್ರೋಗ್ರಾಮ್ ರಚನೆಯನ್ನು ಅಭ್ಯಸಿಸತೊಡಗಿದ ನನಗೆ, ‘ಪ್ರಾಕ್ಸಿ ಸರ್ವರ್’ ಎಂಬುದರ ಪರಿಚಯವಾದಾಗ ಈ ವಿಂಗಡಣೆಯೇ ನೆನಪಿಗೆ ಬಂದಿತು.

ಒಂದು ಕಂಪ್ಯೂಟರು ದೂರದ ಮತ್ತೊಂದರೊಡನೆ ಮಾತನಾಡಲು ತೆರೆದುಕೊಳ್ಳುವ ಬಾಗಿಲಿಗೆ ‘ಸಾಕೆಟ್’ ಎಂದು ಹೆಸರು. 1983ರಲ್ಲಿ ಬರ್ಕ್ಲಿಯ ಯೂನಿಕ್ಸ್ ಆವೃತ್ತಿಯೊಡನೆ ಬಳಕೆಗೆ ಬಂದ ಈ ಕ್ರಮ ಇಂದಿಗೂ ಉಳಿದಿದೆ. ಆದರೆ ಕಚೇರಿ, ಕಾಲೇಜುಗಳಲ್ಲಿ ನೇರವಾದ ಹೊರದಾರಿಯನ್ನು ಮುಚ್ಚಿರುವುದುಂಟು. ಆಗ ನಮ್ಮ ಪರವಾಗಿ ಹೊರಗಿನವರೊಡನೆ ವ್ಯವಹರಿಸುವ ಯಂತ್ರವೇ ಪ್ರಾಕ್ಸಿ. ಅದರೊಡನೆ ಮಾತನಾಡುವ ಒಂದು ಪದ್ಧತಿ, 1996ರಲ್ಲಿ ಪ್ರಕಟವಾದ ‘ಸಾಕ್ಸ್’ ನಿಯಮಾವಳಿಯ ಐದನೆಯ ಆವೃತ್ತಿ.

ಅದರ ನಡೆ ಸರಳ. ಪ್ರೋಗ್ರಾಮು ಸಾಕೆಟ್ಟನ್ನು ಗಮ್ಯದ ಕಡೆಗಲ್ಲ, ಪ್ರಾಕ್ಸಿಯ ಕಡೆಗೆ, ಸಾಮಾನ್ಯವಾಗಿ 1080ನೆಯ ಪೋರ್ಟಿಗೆ, ಜೋಡಿಸುತ್ತದೆ. ಮೊದಲು 5, 1, 0 ಎಂಬ ಮೂರು ಬೈಟುಗಳು ಹೋಗುತ್ತವೆ: ಐದನೆಯ ಆವೃತ್ತಿ, ಒಂದೇ ವಿಧಾನ, ಗುರುತಿನ ಪರೀಕ್ಷೆ ಬೇಡ ಎಂದು ಇದರ ಅರ್ಥ. ಪ್ರಾಕ್ಸಿ ಒಪ್ಪಿದರೆ 5, 0 ಎಂಬ ಉತ್ತರ ಬರುತ್ತದೆ. ಬಳಿಕ ಗಮ್ಯದ ವಿಳಾಸವನ್ನೂ ಪೋರ್ಟನ್ನೂ ತಿಳಿಸಬೇಕು. ಮರುನುಡಿಯ ಎರಡನೆಯ ಬೈಟು ಸೊನ್ನೆಯಾದರೆ ದಾರಿ ತೆರೆಯಿತು. ಬೇರೆ ಅಂಕಿಯಾದರೆ ಅದು ನಿರಾಕರಣೆಯ ಕಾರಣವನ್ನು ಸೂಚಿಸುತ್ತದೆ. ಮರುನುಡಿಯನ್ನು ಕೊನೆಯ ಬೈಟಿನವರೆಗೂ ಓದಬೇಕು. ಉಳಿದದ್ದು ಮುಂದಿನ ಮಾತಿನೊಡನೆ ಬೆರೆತು ಅರ್ಥವನ್ನು ಕೆಡಿಸುತ್ತದೆ.

ಗಮ್ಯವನ್ನು ಅಂಕಿಗಳಲ್ಲಿ ಹೇಳಬಹುದು, ಹೆಸರಿನಲ್ಲಿಯೂ ಹೇಳಬಹುದು. ಹೆಸರಿಗೆ ತಕ್ಕ ಅಂಕಿಯನ್ನು ನಮ್ಮ ಪ್ರೋಗ್ರಾಮೇ ವಿಚಾರಿಸಲು ಹೊರಟರೆ, ಆ ಪ್ರಶ್ನೆ ಪ್ರಾಕ್ಸಿಯನ್ನು ಬಿಟ್ಟು ಬೇರೆ ದಾರಿ ಹಿಡಿಯುತ್ತದೆ; ನಾವು ಹೋಗುವ ಊರು ಇತರರಿಗೆ ತಿಳಿದುಹೋಗುತ್ತದೆ. ಹೆಸರನ್ನೇ ಪ್ರಾಕ್ಸಿಗೆ ಒಪ್ಪಿಸುವುದು ಲೇಸು.

ಹಾಗಾದರೆ ಓಲೆಯ ಒಳಗುಟ್ಟು ಉಳಿಯುವುದೇ ಎಂದು ಶ್ರೋತೃಗಳು ಕೇಳಬಹುದು. ಸಾಕ್ಸ್ ದಾರಿ ಮಾಡಿಕೊಡುತ್ತದೆಯೇ ಹೊರತು ತಾನಾಗಿ ಏನನ್ನೂ ಮುಚ್ಚಿಡುವುದಿಲ್ಲ. ದಾರಿ ತೆರೆದ ಮೇಲೆ ಅದೇ ಸಾಕೆಟ್ಟಿನಲ್ಲಿ ಗಮ್ಯದೊಡನೆ ‘ಟಿಎಲ್‌ಎಸ್’ ಎಂಬ ಗೂಢಲಿಪಿಯ ಒಪ್ಪಂದವನ್ನು ಮಾಡಿಕೊಳ್ಳಬೇಕು. ಪ್ರಮಾಣಪತ್ರದಲ್ಲಿರುವುದು ಗಮ್ಯದ ಹೆಸರೇ ಎಂದು ಪರೀಕ್ಷಿಸಬೇಕು. ತೊಡಕು ಬಂದಾಗ ಈ ಪರೀಕ್ಷೆಯನ್ನೇ ತೆಗೆದುಹಾಕುವವರುಂಟು. ಪ್ರೋಗ್ರಾಮು ಆಗಲೂ ನಡೆಯುತ್ತದೆ. ಆದರೆ ನಡುವಿರುವವನು ಓಲೆಯನ್ನು ಒಡೆದು ಓದಿ, ತಿದ್ದಿ, ಮತ್ತೆ ಮುದ್ರೆಯೊತ್ತಿ ಕಳುಹಿಸಿದರೂ ನಮಗೆ ತಿಳಿಯದು. ನಾವು ನೇಮಿಸಿದ್ದು ಶಾಸನಹರನನ್ನು. ನಮ್ಮ ಅಲಕ್ಷ್ಯವೇ ಅವನನ್ನು ನಿಸೃಷ್ಟಾರ್ಥನನ್ನಾಗಿ ಮಾಡುತ್ತದೆ.