ಹತ್ತಿ ಕುದಿಸಿದ್ರ ಕರೆಂಟ್ ಬರ್ತದೇನವ್ವಾ?

ಅಪ್ಪ ಫೋನಿನಲ್ಲಿ ಕೇಳಿದ ಪ್ರಶ್ನೆ ಇದು. ಜೇವರ್ಗಿ ತಾಲ್ಲೂಕಿನ ನಮ್ಮ ಹೊಲದಿಂದ ಒಂದು ಚೀಲ ಹತ್ತಿಯನ್ನು ಎಂ.ಎಸ್ಸಿ. ಪ್ರಾಜೆಕ್ಟಿಗೆಂದು ಕಲಬುರಗಿಗೆ ತಂದಿದ್ದೆ.

ಕರೆಂಟ್ ಕೊಡುವುದು ಹತ್ತಿಯಲ್ಲ, ಫ್ಯೂಯೆಲ್ ಸೆಲ್. ಅದರ ಒಂದು ಬದಿಗೆ ಹೈಡ್ರೋಜನ್, ಇನ್ನೊಂದು ಬದಿಗೆ ಆಕ್ಸಿಜನ್, ನಡುವೆ ತೆಳುವಾದ ಪೊರೆ. ಪೊರೆ ಪ್ರೋಟಾನ್‌ಗಳನ್ನಷ್ಟೇ ದಾಟಿಸುತ್ತದೆ; ಎಲೆಕ್ಟ್ರಾನ್‌ಗಳು ಹೊರಗಿನ ತಂತಿ ಸುತ್ತಿಯೇ ಬರಬೇಕು. ಆ ಸುತ್ತಾಟವೇ ವಿದ್ಯುತ್. ಕೊನೆಗೆ ಉಳಿಯುವುದು ನೀರು, ಹೊಗೆಯಲ್ಲ. ಪೊರೆಗೆ ಹೆಚ್ಚಾಗಿ ಬಳಸುವ ನೇಫಿಯಾನ್, 1960ರ ದಶಕದಲ್ಲಿ ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ಹುಟ್ಟಿದ್ದು. ಕೆಲಸಕ್ಕೆ ಗಟ್ಟಿ, ಆದರೆ ದುಬಾರಿ. ಫ್ಲೋರಿನ್ ಇರುವ ಪಾಲಿಮರ್ ಆದ್ದರಿಂದ ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ. ಹಾಗಾಗಿ ಸೀಗಡಿ ಚಿಪ್ಪಿನಿಂದ ಬರುವ ಕೈಟೋಸಾನ್, ಸಸ್ಯಗಳ ಸೆಲ್ಯುಲೋಸ್ ಕಡೆಗೆ ಸಂಶೋಧಕರು ತಿರುಗಿದ್ದಾರೆ. (ಸೀಗಡಿ ವಿಷಯ ಅವ್ವನಿಗೆ ಇನ್ನೂ ಹೇಳಿಲ್ಲ.) ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿದ್ದ ಪ್ರೊ. ಟಿ.ಎಂ. ಅಮೀನಭಾವಿ ಅವರ ತಂಡ ಆಲ್ಕೋಹಾಲ್‌ನಿಂದ ನೀರು ಬೇರ್ಪಡಿಸಲು ಇಂಥ ಜೈವಿಕ ಪೊರೆಗಳ ಮೇಲೆ ಬಹಳ ಕೆಲಸ ಮಾಡಿದೆ. ಆ ಪ್ರಬಂಧಗಳನ್ನು ಓದಿಯೇ ನನಗೆ ಧೈರ್ಯ ಬಂದದ್ದು.

ನಾವು ಮೂವರು ರೂಮ್‌ಮೇಟ್‌ಗಳು. ಆಳಂದದವಳು 'ನಮ್ಮ ತೊಗರಿ ಕಟ್ಟಿಗಿ ತಗೋ' ಎಂದಳು, ಅಫಜಲಪುರದವಳು ಕಬ್ಬಿನ ಸಿಪ್ಪೆ ಎಂದಳು. ಎರಡರಲ್ಲೂ ಲಿಗ್ನಿನ್ ಜಾಸ್ತಿ, ಮೊದಲು ಅದನ್ನು ತೆಗೆಯಬೇಕು. ಹತ್ತಿಯಲ್ಲಿ ಶೇ 90ರಷ್ಟು ಸೆಲ್ಯುಲೋಸೇ. ಊರಭಿಮಾನ ಎಂದು ಇಬ್ಬರೂ ಇನ್ನೂ ಆಡಿಕೊಳ್ಳುತ್ತಾರೆ.

ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ, ಆಸಿಡ್‌ನಲ್ಲಿ ನುಣ್ಣಗೆ ಮಾಡಿ, ಕೈಟೋಸಾನ್ ದ್ರಾವಣಕ್ಕೆ ಬೆರೆಸಿ ಗಾಜಿನ ಮೇಲೆ ಸುರಿದೆ. ಮೊದಲ ಐದು ಪೊರೆ ಎಬ್ಬಿಸುವಾಗಲೇ ಹರಿದವು. ಆರನೆಯದು ನಿಂತಿತು. 24 ಗಂಟೆ ನೀರಲ್ಲಿಟ್ಟು ತೂಗಿದರೆ, ಬರೀ ಕೈಟೋಸಾನ್ ಪೊರೆ ನೆನೆದ ಹಪ್ಪಳವಾಗಿತ್ತು. ಹತ್ತಿ ಸೇರಿದ್ದು ಉಬ್ಬಿದ್ದು ಕಡಿಮೆ. ಕುಣಿದಾಡಿದೆ. ಮರುದಿನ ವಾಹಕತೆ ಅಳೆದಾಗ ಮುಖ ಸಪ್ಪಗಾಯಿತು. ಪ್ರೋಟಾನ್ ಓಡಲು ಪೊರೆಯಲ್ಲಿ ನೀರು ಬೇಕು. ಉಬ್ಬುವುದನ್ನು ತಡೆದರೆ ಓಟವೂ ನಿಧಾನ. ನೇಫಿಯಾನ್‌ನ ಹತ್ತಿರಕ್ಕೂ ನಾನು ಹೋಗಿರಲಿಲ್ಲ.

ಅದೇ ವಾರ ಮನೆಯಿಂದ ಎಫ್‌ಡಿಎ ಪರೀಕ್ಷೆಯ ಮಾತು ಬಂತು. ಅಣ್ಣ ಪುಸ್ತಕವನ್ನೂ ಕಳಿಸಿದ. ಸಿಟ್ಟು ಬರಲಿಲ್ಲ; ಮನೆ ಸಾಲದ ಲೆಕ್ಕ ನನಗೂ ಗೊತ್ತು. ಬೆಳಿಗ್ಗೆ ಅದನ್ನು ಓದುತ್ತೇನೆ, ಮಧ್ಯಾಹ್ನ ಲ್ಯಾಬ್. ಪಿಎಚ್‌ಡಿಗಾಗಿ ನೆಟ್ ಅರ್ಜಿಯನ್ನೂ ತುಂಬಿದ್ದೇನೆ, ಮನೆಯಲ್ಲಿ ಹೇಳಿಲ್ಲ.

ಈಗ ಹತ್ತಿ ಪ್ರಮಾಣ ಅರ್ಧಕ್ಕಿಳಿಸಿದ ಏಳನೆಯ ಪೊರೆ ಗಾಜಿನ ಮೇಲೆ ಒಣಗುತ್ತಿದೆ. 'ಮತ್ತೊಂದು ಚೀಲ ಬಸ್ಸಿಗೆ ಹಾಕ್ಲೇನು?' ಎಂದು ಅಪ್ಪ ನಿನ್ನೆ ಕೇಳಿದ್ದಾರೆ.