ಸೀಬ್‌ನ ಖರ್ಜೂರದ ತೋಟಗಳು ಮತ್ತು ಬಾವಿಯ ನೀರು

ಮಸ್ಕತ್ತಿಗೆಂದು ವಿಮಾನ ಹತ್ತಿದ ಕನ್ನಡಿಗರು ಬಂದಿಳಿಯುವುದು ಸೀಬ್ ಸೀಮೆಯಲ್ಲಿ. ಇಲ್ಲಿನ ವಿಮಾನ ನಿಲ್ದಾಣಕ್ಕೆ 2008ರವರೆಗೆ ಸೀಬ್ ಎಂಬ ಹೆಸರೇ ಇತ್ತು. ಊರಿನಿಂದ ಬರುವ ಬಂಧುಗಳ ಕಲ್ಪನೆಯಲ್ಲಿ ಇದು ಬರಿಯ ಮರಳುಗಾಡು. ಅವರನ್ನು ನಾನು ಮೊದಲು ಕರೆದೊಯ್ಯುವುದು ಕಡಲ ಬದಿಯ ಹಳೆಯ ಖರ್ಜೂರದ ತೋಟಗಳ ಓಣಿಗೆ.

ಗೋಡೆ ಸುತ್ತಿದ ಈ ತೋಟಗಳ ಕ್ರಮ ಮಲೆನಾಡಿನ ಅಡಿಕೆ ತೋಟವನ್ನು ನೆನಪಿಸುತ್ತದೆ. ಮೇಲೆ ಖರ್ಜೂರ, ಅದರ ನೆರಳಿನಲ್ಲಿ ಮಾವು, ನಿಂಬೆ, ಬಾಳೆ, ನೆಲದಲ್ಲಿ ಜಾನುವಾರುಗಳ ಮೇವು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಗಂಡು ಹೂವಿನ ಎಳೆಗಳನ್ನು ಹೆಣ್ಣು ಹೊಂಬಾಳೆಯೊಳಗೆ ಕೈಯಿಂದಲೇ ಇಡಬೇಕು. ಮಬ್ಸಲಿ ಎಂಬ ತಳಿಯ ಕಾಯನ್ನು ಪೂರ್ತಿ ಹಣ್ಣಾಗುವ ಮೊದಲೇ ಕೊಯ್ದು, ಕುದಿಸಿ, ಬಿಸಿಲಿಗೆ ಒಣಗಿಸಿ ಭಾರತಕ್ಕೆ ಕಳುಹಿಸುವ ವ್ಯಾಪಾರ ಹಳೆಯದು. ನಮ್ಮ ಶುಭಕಾರ್ಯಗಳ ಉತ್ತತ್ತಿ ಇದೇ ಬಗೆಯದು. ಕೆಲವು ಮರಗಳನ್ನು ಮಸೀದಿಯ ಖರ್ಚಿಗೆಂದು ವಕ್ಫ್ ಬಿಡುವ ಪದ್ಧತಿಯೂ ಒಮಾನಿನಲ್ಲಿದೆ. ನಮ್ಮ ದೇವಾಲಯಗಳಿಗೆ ಉಂಬಳಿ ಬಿಟ್ಟಂತೆಯೇ ಅದು.

ಒಮಾನಿನ ಒಳನಾಡು ಫಲಜ್ ಎಂಬ ಕಾಲುವೆಗಳಿಗೆ ಪ್ರಸಿದ್ಧ. ಅವುಗಳಲ್ಲಿ ಐದನ್ನು 2006ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೀಬ್ ಸೇರಿದಂತೆ ಬಾತಿನಾ ಕರಾವಳಿಯ ತೋಟಗಳಾದರೋ ಹೆಚ್ಚಾಗಿ ನಂಬಿದ್ದು ಬಾವಿಯನ್ನು. ಎತ್ತು ಕಟ್ಟಿ ತೊಗಲ ಚೀಲದಿಂದ ನೀರೆತ್ತುವ ಇಲ್ಲಿನ ಜಜ್ರಾ ನಮ್ಮ ಕಪಿಲೆಯಂಥದೇ. ಎತ್ತು ದಣಿದು ನಿಂತಾಗ ಬಾವಿಗೂ ಬಿಡುವು ದೊರೆಯುತ್ತಿತ್ತು. 1970ರ ಬಳಿಕ ಪಂಪುಗಳು ಹೆಚ್ಚಿದವು. ನೆಲದಡಿಯ ಸಿಹಿನೀರು ಇಳಿದಂತೆ ಕಡಲ ಉಪ್ಪುನೀರು ಆ ಜಾಗಕ್ಕೆ ನುಗ್ಗಿತು. ಉಪ್ಪಿಗೆ ಬಾಳೆ, ನಿಂಬೆ ಬೇಗ ಸೋಲುತ್ತವೆ; ಖರ್ಜೂರ ಕಡೆಯವರೆಗೆ ತಾಳುತ್ತದೆ. ಹಾಗಾಗಿ ಖರ್ಜೂರ ಹಸಿರಾಗಿದ್ದ ಮಾತ್ರಕ್ಕೆ ತೋಟ ಸುಖವಾಗಿದೆ ಎನ್ನಲಾಗದು.

ಪರಿಹಾರದ ಯತ್ನವೂ ಇದೇ ಸೀಮೆಯಲ್ಲಿದೆ. ಅಲ್ ಖೌದ್‌ನಲ್ಲಿ 1985ರಲ್ಲಿ ಕಟ್ಟಿದ ಅಣೆಕಟ್ಟು ಅಪರೂಪದ ಮಳೆಯ ಪ್ರವಾಹವನ್ನು ತಡೆದು ನಿಲ್ಲಿಸುತ್ತದೆ. ಹೂಳು ತಳಕ್ಕಿಳಿದ ಮೇಲೆ ನೀರನ್ನು ನಿಧಾನವಾಗಿ ಕೆಳಗೆ ಹರಿಯಬಿಟ್ಟು ನೆಲಕ್ಕೆ ಇಂಗಿಸುತ್ತಾರೆ.

ಕೊಲ್ಲಿಯ ದುಡಿಮೆಯಿಂದ ಊರಿನಲ್ಲಿ ಕೊಳವೆಬಾವಿ ಕೊರೆಸುವುದು ನಮ್ಮಲ್ಲಿ ಅನೇಕರ ಮೊದಲ ಆಸೆ. ಇಲ್ಲಿಗೆ ಬರಲು ಸಿದ್ಧರಾಗಿರುವ ಕಿರಿಯರಿಗೂ ಅದೇ ಆಸೆ ಇದ್ದೀತು. ಅದು ತಪ್ಪೇನಲ್ಲ. ಆದರೆ ಇಷ್ಟು ಕಡಿಮೆ ಮಳೆಯ ನಾಡೇ ಹನಿಹನಿಯನ್ನು ನೆಲಕ್ಕೆ ಹಿಂದಿರುಗಿಸಲು ಇಷ್ಟು ಶ್ರಮಿಸುವಾಗ, ಆಷಾಢದ ಮಳೆಯನ್ನು ಸುಮ್ಮನೆ ಹಳ್ಳಕ್ಕೆ ಬಿಡುವ ನಮಗೆ ನೆಪವಿಲ್ಲ. ಈ ವರ್ಷ ಮನೆಗೆ ಕಳುಹಿಸುವ ಹಣದಲ್ಲಿ ಒಂದು ಪಾಲನ್ನು ತೋಟದ ಇಂಗುಗುಂಡಿಗಳಿಗೆಂದೇ ತೆಗೆದಿರಿಸಲು ತಮ್ಮನಿಗೆ ಹೇಳಿದ್ದೇನೆ.